ತುಕ್ಕು ಹಿಡಿದ ಬೀಗದ ಬಗ್ಗೆ ಬರೆದೆ

ಗೆಳೆಯರೇ, ನನ್ನ ಬ್ಲಾಗಿಗೆ ಕೊನೆಗೂ ಫಲ ಸಿಕ್ಕಿತು. ಇವತ್ತು ಬೆಳಿಗ್ಗೆ ಕಣ್ಣಾರೆ ನೋಡಿ ಬಂದೆ.

ನಮ್ಮೂರ ಹೂವಿನ ಮಾರುಕಟ್ಟೆಯಲ್ಲಿರುವ ಹೆಂಗಸರ ಶೌಚಾಲಯಕ್ಕೆ ಸದಾ ಬೀಗ, ಅದೂ ತುಕ್ಕು ಹಿಡಿದದ್ದು, ಇದೇ ನಮ್ಮ ಆಡಳಿತದ ಮುಖ ಎಂದು ಹೋದ ವಾರ ಆವೇಶದಿಂದ ಬರೆದಿದ್ದೆ. ಬೀಗದ ಫೋಟೊವನ್ನೂ ಹಾಕಿದ್ದೆ. ಓದಿದವರು ಹನ್ನೊಂದು ಜನ.

ಇವತ್ತು ಹೂವು ತರಲು ಹೋದರೆ, ಮಂಡಿಕಲ್ ಕಡೆಯಿಂದ ಮೊದಲ ಬಸ್ಸಿಗೆ ಬಂದು ಹೂವು ಮಾರುವ ಮುನಿರತ್ನಮ್ಮ ಮೊಳ ಹಾಕುವುದನ್ನು ನಿಲ್ಲಿಸಿ ದುರುಗುಟ್ಟಿ ನೋಡಿದರು.

"ಫೋನಲ್ಲಿ ಬರೆದು ಹಾಕಿದ್ದು ನೀನೇ ಅಂತಲ್ಲಪ್ಪ?"

"ಹೌದಮ್ಮ, ನಿಮಗೋಸ್ಕರಾನೇ ಬರೆದಿದ್ದು."

"ಆ ಹಳೇ ಬೀಗ ಎಳೆದ್ರೆ ಬಿಚ್ಕೊಳ್ಳೋದು ಕಣಪ್ಪ. ನಾವೆಲ್ಲ ಹೋಗಿ ಬಂದು ತಿರ್ಗಾ ಸಿಕ್ಕಿಸಿಡ್ತಿದ್ವಿ. ನೀನು ಬರೆದ ಮೇಲೆ ಯಾರೋ ಬಂದು ಹೊಸ ಬೀಗ ಹಾಕಿ ಹೋದ್ರು. ಈಗ ಎಲ್ಲಿಗೆ ಹೋಗಣ, ಹೇಳು?"

ಹೋಗಿ ನೋಡಿದೆ. ಹಿತ್ತಾಳೆ ಬೀಗ ಥಳಥಳ ಹೊಳೆಯುತ್ತಿತ್ತು.

ಹೂವು ಕಟ್ಟಿಕೊಡುತ್ತ ಮುನಿರತ್ನಮ್ಮ, "ನಮ್ಮ ಬಗ್ಗೆ ಇನ್ನೇನೂ ಬರೀಬೇಡಪ್ಪ," ಎಂದರು.

ನಾನು ಬರೆದದ್ದನ್ನು ಅಧಿಕಾರದಲ್ಲಿರುವವರು ಓದುವುದೇ ಇಲ್ಲ ಎಂದು ಆರು ವರ್ಷದಿಂದ ಇಲ್ಲೇ ಗೋಳಾಡುತ್ತಿದ್ದೆ. ಓದದಿದ್ದರೇ ಚೆನ್ನಾಗಿತ್ತು.