ಮಾಕುಟ್ಟದಿಂದ ಕೊಡ್ಲಿಪೇಟೆಗೆ ನಡೆದ ನಮ್ಮ ತಾತ

ಬೆಳಿಗ್ಗೆ ಚಿಕ್ಕಪ್ಪ ಫೋನ್ ಮಾಡಿ ತಾತ ಹೋದರು ಎಂದಾಗ "ಯಾವ ತಾತ?" ಎಂದು ಕೇಳಿಬಿಟ್ಟೆ...
ನಮಗಿದ್ದದ್ದು ಒಬ್ಬರೇ ತಾತ.
ಭಾನುವಾರ ತಾನೇ ಮಾತಾಡಿದ್ದೆ. ಈ ಸಲ ಪುಷ್ಪಗಿರಿಗೆ ಯಾವಾಗ ಹೋಗುತ್ತೀರಿ, ಜಿಗಣೆಗೆ ಹೊಗೆಸೊಪ್ಪು ಮರೆಯಬೇಡಿ ಎಂದಿದ್ದರು...

ವಾಕಿಂಗ್‌ಗೆ ಹೊರಡಲು ಶೂ ಲೇಸ್ ಕಟ್ಟುತ್ತಿದ್ದರಂತೆ.
ಒಂದು ಕಾಲಿನದು ಕಟ್ಟಿ ಆಗಿತ್ತಂತೆ.
ಅಷ್ಟೇ...

ನಮ್ಮ ಟ್ರೆಕ್ಕಿಂಗ್ ಗುಂಪಿನವರಿಗೆಲ್ಲ ಅವರು "ಹವಾಲ್ದಾರ್ ತಾತ".
ಎಪ್ಪತ್ತೆಂಟರ ವಯಸ್ಸಿನಲ್ಲೂ ನಮಗಿಂತ ಮುಂದೆ ಬೆಟ್ಟ ಹತ್ತಿ, ಮೇಲೆ ಕೂತು ಕಿತ್ತಳೆ ಸುಲಿಯುತ್ತಾ ಕಾಯುತ್ತಿದ್ದವರು.
ಎಡಗಾಲಿನ ಎರಡು ಬೆರಳು ಹಿಮಕ್ಕೆ ಹೋಗಿದ್ದವು. ಚೀನಾ ಗಡಿಯಲ್ಲಿ.
ಅದರ ಬಗ್ಗೆ ಕೇಳಿದರೆ "ಚಳಿ ಇತ್ತು" ಎನ್ನುವುದು ಬಿಟ್ಟರೆ ಇನ್ನೊಂದು ಮಾತಿಲ್ಲ.

ಇವತ್ತು ಒಂದು ವಿಷಯ ಹೇಳಬೇಕು. ಇಷ್ಟು ವರ್ಷ ಯಾರಿಗೂ ಹೇಳಿಲ್ಲ...

ನನ್ನ ಅಪ್ಪ ಹೋದಾಗ ನನಗೆ ಹತ್ತೊಂಬತ್ತು. ಮೈಸೂರಿನ ಹಾಸ್ಟೆಲ್‌ನಲ್ಲಿದ್ದೆ.
ಹಿಂದಿನ ಸಂಜೆ ಅಪ್ಪ ಫೋನ್ ಮಾಡಿದ್ದರು. ಗೆಳತಿಯರ ಜೊತೆ ಸಿನಿಮಾ ನೋಡುತ್ತಿದ್ದ ನಾನು ಕಟ್ ಮಾಡಿದೆ. ನಾಳೆ ಮಾತಾಡಿದರಾಯ್ತು ಎಂದುಕೊಂಡೆ...
ಬೆಳಗಾಗುವಷ್ಟರಲ್ಲಿ ಅಪ್ಪ ಇರಲಿಲ್ಲ. ಹಾರ್ಟ್ ಅಟ್ಯಾಕ್.

ಆಮೇಲೆ ನಾನು ಕಾಲೇಜಿಗೆ ಹೋಗಲಿಲ್ಲ. ಊಟ ಬಿಟ್ಟೆ. ಮಾತು ಬಿಟ್ಟೆ.
ಎರಡು ತಿಂಗಳಾದ ಮೇಲೆ ತಾತ ರೂಮಿನ ಬಾಗಿಲಲ್ಲಿ ನಿಂತು "ಶೂ ಹಾಕ್ಕೊ" ಎಂದರು.
ಅವರಿಗೆ ಆಗ ಎಪ್ಪತ್ತು. ಹೋಗಿದ್ದು ಅವರ ಹಿರಿಮಗ...

ನನ್ನನ್ನು ಬಸ್ಸಿನಲ್ಲಿ ಮಾಕುಟ್ಟಕ್ಕೆ ಕರೆದುಕೊಂಡು ಹೋದರು. ಕೇರಳದ ಗಡಿ.
ಚೆಕ್‌ಪೋಸ್ಟ್ ಹತ್ತಿರ ಇಳಿದು, ಇಲ್ಲಿಂದ ಮನೆಗೆ ನಡೆದೇ ಹೋಗುವುದು ಎಂದರು.
ಅಂದರೆ ಕೊಡಗಿನ ಈ ತುದಿಯಿಂದ ಆ ತುದಿಯ ಕೊಡ್ಲಿಪೇಟೆಗೆ!
ಕಾಡು ದಾಟಿ ವಿರಾಜಪೇಟೆ, ಅಲ್ಲಿಂದ ಮಡಿಕೇರಿ... ಕಾಫಿ ಕುಯ್ಲಿನ ಕಾಲ. ಎಸ್ಟೇಟುಗಳಲ್ಲಿ ಪಿಕಿಂಗ್ ಮಾಡುವ ಹೆಂಗಸರು ನಮ್ಮನ್ನು ನೋಡಿ ನಗುತ್ತಿದ್ದರು.
ಮೂರು ದಿನ ತಾತ ಏನೂ ಕೇಳಲಿಲ್ಲ. ಏನೂ ಹೇಳಲಿಲ್ಲ.

ನಾಲ್ಕನೇ ದಿನ, ಸೋಮವಾರಪೇಟೆ ದಾಟಿದ ಮೇಲೆ, ಒಂದು ಮೋರಿಯ ಕಟ್ಟೆ ಮೇಲೆ ಕೂತು ಶುರು ಮಾಡಿದರು.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ತಾತ ಹೊಸದಾಗಿ ಸೇನೆ ಸೇರಿ ಕಣ್ಣೂರಿನಲ್ಲಿದ್ದರು. ತಾಯಿಗೆ ಹುಷಾರಿಲ್ಲ ಎಂದು ಟೆಲಿಗ್ರಾಂ ಬಂತು. ರಜೆ ಸಿಕ್ಕಿತು. ಆದರೆ ಆಷಾಢದ ಮಳೆ... ಮಾಕುಟ್ಟದ ರಸ್ತೆಗೆ ಮರಗಳು ಬಿದ್ದು ಬಸ್ಸುಗಳೆಲ್ಲ ನಿಂತಿದ್ದವು.
ಅವರು ನಡೆದೇ ಹೊರಟರು.
ಮಡಿಕೇರಿ ಮುಟ್ಟುವಷ್ಟರಲ್ಲಿ ಎರಡೂ ಅಂಗಾಲಿನ ಚರ್ಮ ಕಿತ್ತುಬಂದಿತ್ತು. ಒಬ್ಬ ಅರ್ಚಕರ ಮನೆಯವರು ಒಳಗೆ ಕರೆದು, ಕಾಲಿಗೆ ಬಟ್ಟೆ ಕಟ್ಟಿ, ಒಂದು ದಿನ ಏಳಲು ಬಿಡಲಿಲ್ಲ.
ಕೊಡ್ಲಿಪೇಟೆ ಸೇರಿದಾಗ ಎಲ್ಲ ಮುಗಿದು ಒಂದು ದಿನವಾಗಿತ್ತು.

"ಆ ಒಂದಿನ ಮಲಗ್ದೆ ಕಣವ್ವ. ಅದ್ನೂ ನಡ್ದಿದ್ರೆ ಅವ್ವನ ಮುಖ ಸಿಕ್ತಿತ್ತು," ಎಂದರು.

ಕೊನೆ ಗಳಿಗೆಯಲ್ಲಿ ಅವರ ತಾಯಿಯ ಪಕ್ಕ ಇದ್ದದ್ದು ಪಕ್ಕದ ಮನೆಯ ಹುಡುಗಿ. ಮಗ ಬಂದನಾ ಎಂದು ತಾಯಿ ಮತ್ತೆ ಮತ್ತೆ ಕೇಳುತ್ತಿದ್ದರಂತೆ. ಆ ಹುಡುಗಿಗೆ ತಡೆಯಲಾಗಲಿಲ್ಲ.
"ಬಂದ್ರು ಅತ್ತೆ... ಕಾಲು ತೊಳ್ಕೊತಾವ್ರೆ" ಎಂದುಬಿಟ್ಟಳಂತೆ.
ತಾಯಿ "ಸರಿ" ಎಂದು ಕಣ್ಣು ಮುಚ್ಚಿದರು.

ಸಾಯುವವರಿಗೆ ಸುಳ್ಳು ಹೇಳಿದೆ, ನನ್ನನ್ನು ಕ್ಷಮಿಸಿ ಎಂದು ಆ ಹುಡುಗಿ ಅಂಗಳದಲ್ಲಿ ನಿಂತು ಅತ್ತಳಂತೆ.
ಎರಡು ವರ್ಷದ ಮೇಲೆ ತಾತ ಅವಳನ್ನೇ ಕೇಳಿ ಮದುವೆಯಾದರು.
ಅವರೇ ನಮ್ಮ ಅಜ್ಜಿ...

ತಾತ, ಆ ಮೋರಿ ಕಟ್ಟೆಯ ಮೇಲೆ ನೀವು ಆಮೇಲೆ ಹೇಳಿದ್ದು ನಿಮಗೆ ನೆನಪಿತ್ತೋ ಇಲ್ಲವೋ...
ನಾನು ಫೋನ್ ಕಟ್ ಮಾಡಿದ್ದನ್ನು ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಗೋ ಗೊತ್ತಿತ್ತು.
"ನೀನು ಫೋನ್ ಎತ್ಲಿಲ್ಲ ಅಂತ ನಿಮ್ಮಪ್ಪ ಬೇಜಾರು ಮಾಡ್ಕೊಳ್ಲಿಲ್ಲ. ಓದ್ತಾ ಕೂತಿರ್ತಾಳೆ, ಬಿಡಿ, ಅಂದ. ನಾನು ಪಕ್ಕದಲ್ಲೇ ಇದ್ದೆ. ಖುಷಿಯಾಗೇ ಉಂಡು ಮಲಗ್ದ."
ಎರಡು ತಿಂಗಳಲ್ಲಿ ಮೊದಲ ಸಲ ಅತ್ತೆ ತಾತ ನಾನು. ಜೋರಾಗಿ. ಲಾರಿಯವರು ನಿಲ್ಲಿಸಿ ಏನಾಯ್ತು ಎಂದು ಕೇಳುವಷ್ಟು.
ನೀವು ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ಕೂತು ನೀವೂ ಅತ್ತಿರಿ. ನಿಮ್ಮ ಮಗನಿಗಾಗಿ...
ನೀವು ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಪ್ಪ ನಿಜವಾಗಿ ಹಾಗೆ ಅಂದರೋ, ಇಲ್ಲ ನೀವೇ ಕಟ್ಟಿ ಹೇಳಿದಿರೋ... ನಾನು ಕೇಳಲಿಲ್ಲ.
ಕೇಳಬೇಕು ಅನ್ನಿಸಲೂ ಇಲ್ಲ.
ಮುಂದಿನ ವಾರ ಕಾಲೇಜಿಗೆ ಹೋದೆ.
ಇವತ್ತು ನಾನೊಬ್ಬ ಟೀಚರ್ ಆಗಿದ್ದರೆ ಅದು ಆ ನಾಲ್ಕನೇ ದಿನದಿಂದ.

ಗೆಳೆಯರೇ, ಕುಶಾಲನಗರದಿಂದ ಬಸ್ಸಿನಲ್ಲಿ ಹೋಗುತ್ತಾ ಇದನ್ನು ಬರೆಯುತ್ತಿದ್ದೇನೆ. ತಪ್ಪಿದ್ದರೆ ಕ್ಷಮಿಸಿ, ಅಕ್ಷರ ಸರಿಯಾಗಿ ಕಾಣುತ್ತಿಲ್ಲ...
ಅಜ್ಜಿ ಫೋನಿನಲ್ಲಿ ಅಳಲಿಲ್ಲ. ನಿಧಾನವಾಗಿ ಬಾ, ನೀನು ಬರುವ ತನಕ ತೆಗೆಯುವುದಿಲ್ಲ ಎಂದರು.

ಅಂತ್ಯಕ್ರಿಯೆ ಮಧ್ಯಾಹ್ನ ಮೂರಕ್ಕೆ, ನಮ್ಮ ತೋಟದಲ್ಲೇ.
ಹೋದ ವರ್ಷ ತಾತ ಚಿಕ್ಕಪ್ಪನನ್ನು ಕೂರಿಸಿಕೊಂಡು, ತನ್ನನ್ನು ಹೊರುವಾಗ ಮೊಮ್ಮಗಳೂ ಹೆಗಲು ಕೊಡಬೇಕು ಎಂದಿದ್ದರಂತೆ.
ಇವತ್ತು ಊರಿನ ಹಿರಿಯರು ಮೊದಲು ಒಪ್ಪಲಿಲ್ಲವಂತೆ. ಹೆಣ್ಣುಮಕ್ಕಳು ಹೊರುವ ಪದ್ಧತಿ ನಮ್ಮಲ್ಲಿಲ್ಲ.
ಅಜ್ಜಿ ಎದ್ದು ಬಂದು ಒಂದೇ ಮಾತು ಹೇಳಿದರಂತೆ, "ಅವ್ರು ಹೇಳಾಯ್ತು."


ಮುಂದಿನ ಬಲಗಡೆ ನನ್ನ ಜಾಗ.

ನೆಮ್ಮದಿಯಾಗಿ ಹೋಗಿ ತಾತ... ನಿಮ್ಮ ಜೀವ ತಣ್ಣಗಿರಲಿ. 🙏