ಸೊಟ್ಟು ಮರುಂದು

೧೯೫೦ರಲ್ಲಿ ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಶಿರಾ ಕಡೆಯ ನಮ್ಮೂರ ಸ್ಕೂಲಿನಲ್ಲಿ ನಾನು ಸರಿಯಾಗಿ ಮಾಡಿದ ಲೆಕ್ಕವನ್ನು ಮೇಷ್ಟ್ರು, ಪಕ್ಕದವನದು ನೋಡಿ ಬರೆದದ್ದು ಎಂದರು. ಮಾರನೆಯ ದಿನದಿಂದ ಆ ಕಡೆ ತಲೆ ಹಾಕಲಿಲ್ಲ. ಸೋದರಮಾವ ಮದರಾಸಿನಲ್ಲಿ ರೈಲ್ವೆ ಕೆಲಸದಲ್ಲಿದ್ದ. ಅವನ ಬೆನ್ನು ಹತ್ತಿ ಬಂದು ಮಾಂಬಲದ ಒಂದು ಸೈಕಲ್ ಶಾಪಿಗೆ ಸೇರಿದೆ. ಪಂಕ್ಚರ್ ಹಾಕುವುದರಿಂದ ಹಿಡಿದು ಚಕ್ರದ ಸೊಟ್ಟ ತೆಗೆಯುವವರೆಗೆ ಎಲ್ಲವನ್ನೂ ನೋಡಿ ನೋಡಿಯೇ ಕಲಿತು, ಅರವತ್ತೊಂದನೇ ಇಸವಿಯಲ್ಲಿ ಸ್ಟೇಷನ್ನಿನ ಪಕ್ಕ ಸ್ವಂತ ಅಂಗಡಿ ಇಟ್ಟೆ.

ಅನುಮಾನ ಪಡದವನು ಸೈಕಲ್ ಅಂಗಡಿ ನಡೆಸಲಾರ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಒಯ್ದ ಸೈಕಲ್ಲು ವಾಪಸು ಬಂದಾಗ ಬೆಲ್ಲು ಬದಲಾಗಿರುತ್ತದೆ, ಹೊಸ ಟ್ಯೂಬಿದ್ದ ಜಾಗದಲ್ಲಿ ತೇಪೆ ಹಾಕಿದ ಟ್ಯೂಬು ಕೂತಿರುತ್ತದೆ. ಯಾರು ಏನು ಕೊಟ್ಟರೂ ತಿರುಗಿಸಿ ಮುರುಗಿಸಿ ನೋಡುವುದು ನನಗೆ ಅಭ್ಯಾಸವಾಗಿತ್ತು. ಅದು ನಮ್ಮಮ್ಮನಿಂದ ಬಂದ ಗುಣವೂ ಹೌದು. ತರಕಾರಿಯವಳು ಕೊಟ್ಟ ಬದನೆಕಾಯಿಯನ್ನು ಕಿವಿಯ ಹತ್ತಿರ ಹಿಡಿದು, ಒಳಗೆ ಹುಳ ಆಡುತ್ತದೋ ಎಂದು ಕೇಳಿ ನೋಡುವವಳು ಅವಳು.

ಅಂಗಡಿ ಇಟ್ಟ ಮಾರನೆಯ ವರ್ಷ ಅಮ್ಮ ನಮ್ಮ ಜೊತೆ ಇರಲು ಬಂದಳು. ಬಂದದ್ದು ಕಣ್ಣಿಗಾಗಿ. ಎಡಗಣ್ಣು ಊರಿನಲ್ಲೇ ಹೋಗಿತ್ತು. ವಯಸ್ಸಾಯಿತು ಬಿಡು ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಬಲಗಣ್ಣಿಗೂ ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ ಎಂದಾಗ ನನಗೆ ದಿಗಿಲಾಗಿ, ಟಿ. ನಗರದ ಒಬ್ಬ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ಕಣ್ಣಿನೊಳಗೆ ನೀರಿನ ಒತ್ತಡ ಏರಿದೆ, ಹೋದ ಕಣ್ಣು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕಾದರೆ ದಿನಕ್ಕೆ ಮೂರು ಹೊತ್ತು ತಪ್ಪದೆ ಸೊಟ್ಟು ಮರುಂದು ಬಿಡಬೇಕು, ತಿಂಗಳು ಕಳೆದು ಬನ್ನಿ ಎಂದರು. ಹನಿ ಔಷಧಿಗೆ ತಮಿಳಿನವರು ಸೊಟ್ಟು ಮರುಂದು ಎನ್ನುತ್ತಾರೆ. ನಾನೂ ನನ್ನ ಹೆಂಡತಿಯೂ ಹಾಗೇ ಅನ್ನುತ್ತಿದ್ದೆವು. ಮನೆಯಲ್ಲಿ ನಮ್ಮ ಮಾತು ಆಗಲೇ ಅರ್ಧ ತಮಿಳಾಗಿತ್ತು.

ಕಣ್ಣಿಗೆ ಹನಿ ಹಾಕುವುದು ಅಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಚಕ್ರದ ನಡುವಿನ ಹಬ್ಬಿನಲ್ಲಿ ಮೆಣಸಿನಕಾಳೂ ಹೋಗದ ಒಂದು ತೂತಿರುತ್ತದೆ. ಎಣ್ಣೆ ಡಬ್ಬಿಯಿಂದ ಅದಕ್ಕೆ ಸುತ್ತಮುತ್ತ ಸೋಕದ ಹಾಗೆ ಒಂದೇ ತೊಟ್ಟು ಬಿಡುವ ಕೈ ನನ್ನದು. ಆದರೆ ಹಬ್ಬು ಕಣ್ಣು ಮುಚ್ಚುವುದಿಲ್ಲ. ಅಮ್ಮನನ್ನು ಚಾಪೆಯ ಮೇಲೆ ಮಲಗಿಸಿ, ಫಿಲ್ಲರಿನ ರಬ್ಬರ್ ಬುರುಡೆ ಒತ್ತಿ ಔಷಧಿ ಹೀರಿಕೊಂಡು ಹತ್ತಿರ ತಂದರೆ ಸಾಕು, ರೆಪ್ಪೆ ಬಿಗಿದುಕೊಳ್ಳುತ್ತಿತ್ತು. ಮೊದಲ ಹನಿ ಹುಬ್ಬಿಗೆ, ಎರಡನೆಯದು ಕಿವಿಗೆ. ಹೆಂಡತಿ ಎರಡು ಬೆರಳಿನಿಂದ ರೆಪ್ಪೆ ಬಿಡಿಸಿ ಹಿಡಿದರೆ ಅಮ್ಮ ಅವಳ ಮಣಿಕಟ್ಟು ಹಿಡಿಯುವಳು. ಹೇಗೋ ಒಂದು ಹನಿ ಒಳಗೆ ಹೋದರೆ ಉರಿ ಎಂದು ನರಳುವಳು, ಹಣೆ ಸಿಡಿಯುತ್ತದೆ ಎನ್ನುವಳು, ಕೊನೆಗೆ, “ಮದ್ಯಾನ್ನಕ್ಕೇ ಸಂಜೆ ಆದಂಗ್ ಆಯ್ತದಲ್ಲೋ. ಇದೆಂಥ ಕಣ್ಣಿನ ಮದ್ದು?” ಎನ್ನುವಳು.

ಈ ರಂಪ ಕೇಳಿ ಮನೆಯ ಯಜಮಾನಿ ಬಂದರು. ಅವರದೇ ಮನೆಯ ಹಿಂದಿನ ಪೋರ್ಷನ್ನಿನಲ್ಲಿ ನಮ್ಮ ಬಾಡಿಗೆ ವಾಸ. ನಾವು ಅವರನ್ನು ಮಾಮಿ ಎನ್ನುತ್ತಿದ್ದೆವು. ಒಳ್ಳೆಯ ಹೆಂಗಸು, ಹುಟ್ಟಿನಿಂದ ಮೆಳ್ಳೆಗಣ್ಣು. ನಮ್ಮ ಜೊತೆ ಮಾತಾಡುತ್ತಿದ್ದರೂ ಬಾಗಿಲ ಕಡೆ ಯಾರೋ ಬಂದಿದ್ದಾರೆ ಅನ್ನಿಸುತ್ತಿತ್ತು. ಅಮ್ಮನ ಪಕ್ಕ ಕೂತು ಧೈರ್ಯ ಹೇಳಿದರು: “ಭಯಪ್ಪಡಾದೀಂಗೊಮ್ಮಾ. ನಾನುಂ ಪತ್ತು ವರುಷಮಾ ಸೊಟ್ಟು ಮರುಂದು ದಾನ್ ಪೋಟ್ಟುಕ್ಕರೇನ್.” ಹೆದರಬೇಡಿ, ನಾನೂ ಹತ್ತು ವರ್ಷದಿಂದ ಇದನ್ನೇ ಹಾಕಿಕೊಳ್ಳುತ್ತಿದ್ದೇನೆ ಎನ್ನುತ್ತಾರೆ ಎಂದು ಹೆಂಡತಿ ಅಮ್ಮನಿಗೆ ಕನ್ನಡದಲ್ಲಿ ಹೇಳಿದಳು. ಅಮ್ಮ ಅವರ ಮುಖವನ್ನು ಬಹಳ ಹೊತ್ತು ನೋಡಿದಳು.

ಅಂದಿನಿಂದ ಅಮ್ಮ ತಣ್ಣಗಾದಳು. ಕರೆದ ತಕ್ಷಣ ಬಂದು ಮಲಗುವಳು, ಮಣಿಕಟ್ಟು ಹಿಡಿಯಳು, ನರಳಳು. ಮಾಮಿಯ ಮಾತು ನಾಟಿತು ಎಂದುಕೊಂಡೆವು.

ತಿಂಗಳು ಕಳೆದು ಹೋದರೆ ಡಾಕ್ಟರು ಅಳೆದು ನೋಡಿ ಮುಖ ಗಂಟಿಕ್ಕಿದರು. ಒತ್ತಡ ಒಂದಿಷ್ಟೂ ಇಳಿದಿರಲಿಲ್ಲ. ನಿಜವಾಗಿ ಮರುಂದು ಬಿಡುತ್ತಿದ್ದೀರಾ ಎಂದು ಕೇಳಿದರು. ನನಗೆ ಮೇಷ್ಟ್ರ ಮುಖ ನೆನಪಾಯಿತು. ಬಿಡುತ್ತಿದ್ದೇವೆ ಎಂದೆ, ಸ್ವಲ್ಪ ಗಡುಸಾಗಿಯೇ. ಹೀಗೇ ಇನ್ನೊಂದು ತಿಂಗಳು ಹೋದರೆ ಈ ಕಣ್ಣೂ ಉಳಿಯುವುದಿಲ್ಲ ಎಂದರು. ಅಮ್ಮನಿಗೆ ತಮಿಳು ತಿಳಿಯದು. ನನ್ನ ಹೆಗಲು ಹಿಡಿದು ಮೆಟ್ಟಿಲಿಳಿದಳು.

ನಾನು ಮೊದಲು ಅನುಮಾನಪಟ್ಟದ್ದು ಔಷಧಿ ಅಂಗಡಿಯನ್ನು. ದೊಡ್ಡ ಬಾಟಲಿಯಿಂದ ನಮ್ಮ ಸೀಸೆಗೆ ಬಗ್ಗಿಸಿಕೊಡುತ್ತಿದ್ದವನು ನೀರು ಬೆರೆಸುವುದಿಲ್ಲ ಎಂದು ಏನು ಖಾತ್ರಿ? ಒಂದು ಹನಿ ನಾಲಿಗೆಗೆ ಹಾಕಿಕೊಂಡೆ. ಹಾಗಲಕಾಯಿಗಿಂತ ಕಹಿ. ಆಮೇಲೆ ಹೆಂಡತಿಯ ಮೇಲೆ ಹೋಯಿತು. ಮಧ್ಯಾಹ್ನದ ಸರದಿ ಅವಳದು. ನಾನು ಅಂಗಡಿಯಲ್ಲಿರುತ್ತೇನೆ, ನೋಡಿದವರು ಯಾರು? ಸೀಸೆಯ ಚೀಟಿಯ ಮೇಲೆ ಔಷಧಿಯ ಮಟ್ಟಕ್ಕೆ ಗೀಟು ಹಾಕಿಟ್ಟೆ. ಅವಳು ಅದನ್ನು ಕಂಡಳು. “ಏನ್ರೀ, ನಾನೇನು ನಿಮ್ಮ ಸೈಕಲ್ಲು ಬಾಡಿಗೆಗೆ ತಗೊಂಡು ಹೋದೋಳಾ?” ಎಂದಳು. ಮಟ್ಟ ಮಾತ್ರ ಲೆಕ್ಕಕ್ಕೆ ಸರಿಯಾಗಿಯೇ ಇಳಿಯುತ್ತಿತ್ತು.

ಇನ್ನು ಉಳಿದದ್ದು ಔಷಧಿಯೇ ಕೆಲಸ ಮಾಡುತ್ತದೋ ಇಲ್ಲವೋ ಎಂಬುದು. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ನನ್ನ ಕಣ್ಣಿಗೇ ಒಂದು ಹನಿ ಬಿಟ್ಟುಕೊಂಡು ಅಂಗಡಿಗೆ ಹೋದೆ. ಹಾಗೆ ಮಾಡಬಾರದು ಎಂದು ಈಗ ಗೊತ್ತು. ಉರಿದ ಮೇಲೆ ಹುಬ್ಬಿನ ಹಿಂದೆ ಯಾರೋ ಸ್ಪ್ಯಾನರಿನಿಂದ ತಿರುಪುತ್ತಿರುವ ಹಾಗೆ ನೋವು ಬಂತು, ಬಿಸಿಲಿದ್ದ ರಸ್ತೆ ಮಂಕಾಯಿತು. ಒಂದು ಚಕ್ರವನ್ನು ತಿರುಗಿಸಿ ಸೊಟ್ಟ ನೋಡಲು ಹೋದರೆ ಕಡ್ಡಿಗಳೇ ಕಾಣಲಿಲ್ಲ. ಅಮ್ಮ ಹೇಳಿದ ಸಂಜೆ ಇದೇ ಎಂದುಕೊಂಡೆ. ಹಾಗೆ ಅಂದುಕೊಂಡವನ ಕೈ ನಿಂತಿತು. ಮಾಮಿ ಬಂದುಹೋದ ಮೇಲೆ ಅಮ್ಮ ಒಂದು ದಿನವೂ ಸಂಜೆಯಾಯಿತು ಎಂದಿರಲಿಲ್ಲ. ಉರಿ ಎಂದಿರಲಿಲ್ಲ. ನನಗೆ ಇಷ್ಟು ಉರಿದದ್ದು ಅವಳಿಗೆ ಯಾಕೆ ಉರಿಯಲಿಲ್ಲ?

ಅಂದು ಸಾಯಂಕಾಲ ಹನಿ ಬಿಟ್ಟು, ಎದ್ದುಹೋಗದೆ ಅಲ್ಲೇ ಕೂತೆ. ಹನಿ ಬೀಳುವ ಕ್ಷಣದಲ್ಲಿ ಅಮ್ಮ ರೆಪ್ಪೆಯನ್ನು ಎಷ್ಟು ಸಲೀಸಾಗಿ ಮುಚ್ಚಿದಳೆಂದರೆ, ಔಷಧಿಯೆಲ್ಲ ಸುಕ್ಕಿನ ಗೆರೆಯಲ್ಲಿ ನಿಂತುಬಿಟ್ಟಿತು. ಮಗ್ಗುಲಾಗುವ ನೆಪದಲ್ಲಿ ಸೆರಗಿನ ತುದಿಯಿಂದ ಒತ್ತಿಕೊಂಡಳು. ನಾನು ಸೆರಗು ಹಿಡಿದುಕೊಂಡೆ.

“ಯಾಕಮ್ಮ ಒರೆಸಿದೆ?”

“ಕಣ್ಣೀರು ಕಣಪ್ಪ.”

ಸೆರಗಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿದೆ. “ಕಣ್ಣೀರು ಕಹಿ ಇರಲ್ಲ,” ಎಂದೆ.

ಅಮ್ಮ ಎದ್ದು ಕೂತಳು. “ನಿನ್ ಕಸುಬೇನ್ಲಾ? ಚಕ್ರದ ಸೊಟ್ಟ ತೆಗೆಯೋದು. ಊರೋರ ಚಕ್ರ ನೆಟ್ಟಗ್ ಮಾಡೋನು ಹೆತ್ತೋಳ ಕಣ್ಣು ಸೊಟ್ಟ ಮಾಡೀಯಾ? ಇರೋದೊಂದು ಕಣ್ಣು ನೆಟ್ಟಗದೆ, ಅದಕ್ಕೆ ದಿನಾ ಸೊಟ್ಟು ಮದ್ದು. ಆಯಮ್ಮ ಹತ್ತು ವರ್ಸ ಹಾಕ್ಕೊಂಡವ್ರಂತೆ. ನೋಡಿದ್ಯಾ, ನನ್ ಜೊತೆ ಮಾತಾಡಿದ್ರೆ ಬಾಗ್ಲು ನೋಡ್ತಾರೆ.”

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಒಲೆಯ ಕಡೆ ಓಡಿದಳು. ನನಗೆ ನಗು ಬರಲಿಲ್ಲ. ತಿಂಗಳ ಔಷಧಿ ಸೆರಗಿಗೆ ಹೋಗಿತ್ತು. ತಮಿಳಿನಲ್ಲಿ ಸೊಟ್ಟು ಎಂದರೆ ಹನಿ, ಮಾಮಿಯ ಕಣ್ಣು ಹುಟ್ಟಿದಾಗಿನಿಂದ ಹಾಗೇ ಇದೆ ಎಂದು ಬಿಡಿಸಿ ಹೇಳಿದೆ. ಅಮ್ಮ ನಂಬಲಿಲ್ಲ. ಮದ್ದು ಹಾಕಲು ನಾನು ಹೂಡಿದ ಉಪಾಯ ಎಂದಳು. ಮಾಮಿಯನ್ನೇ ಕರೆದು ಕೇಳೋಣ ಎಂದರೆ, ನೀನು ಹೇಳಿಕೊಟ್ಟಿರುತ್ತೀಯ ಎಂದಳು. ಅವಳ ಜಾಗದಲ್ಲಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆ.

ಮಾರನೆಯ ಬೆಳಿಗ್ಗೆ ಹಾಲಿನವನು ಬಂದ. ಅಳತೆಯ ಮೇಲೆ ಒಂದಿಷ್ಟು ಹಾಕಿಸಿಕೊಳ್ಳದೆ ಮಾಮಿ ಅವನನ್ನು ಬಿಡುವವರಲ್ಲ. “ಇನ್ನುಂ ರೆಂಡು ಸೊಟ್ಟು ಊತ್ತಪ್ಪಾ,” ಎಂದರು, ಇನ್ನೆರಡು ಹನಿ ಹಾಕಪ್ಪ ಎಂದು. ಅವನು ಗೊಣಗುತ್ತ ಬಗ್ಗಿಸಿದ. ನಾನು ಅಮ್ಮನ ಮುಖ ನೋಡಿದೆ. ದಿನವೂ ಕೇಳುತ್ತಿದ್ದ ಮಾತೇ ಅದು. ಮಾಮಿ ಆವಯ್ಯನನ್ನು ಸೊಟ್ಟ ಮೂತಿಯವನು ಎಂದು ಬೈಯುತ್ತಾರೆ, ಅವನು ಬೈಸಿಕೊಂಡೂ ಹಾಲು ಹಾಕುತ್ತಾನೆ ಎಂದು ಅವಳು ಇಷ್ಟು ದಿನ ತಿಳಿದಿದ್ದಳಂತೆ.

ಅಮ್ಮ ಒಳಗೆ ಹೋಗಿ ಒಣಗಿದ ಒಂದು ಲೋಟ ತಂದಳು. ಹಾಲಿನವನ ಮುಂದೆ ಚಾಚಿ, ಬೇರೇನೂ ಹೇಳದೆ, “ಸೊಟ್ಟು,” ಎಂದಳು. ಇದೇನು ಬೆಳಿಗ್ಗೆ ಬೆಳಿಗ್ಗೆ ಎನ್ನುವ ಹಾಗೆ ಅವನು ನನ್ನನ್ನು ನೋಡಿದ. ನಾನು ಬೇಕೆಂದೇ ಆಚೆ ತಿರುಗಿದೆ. ಅವನು ಅಳತೆಯ ಪಾವಿನಲ್ಲಿ ಉಳಿದ ನಾಲ್ಕು ಹನಿ ಲೋಟಕ್ಕೆ ತೊಟ್ಟಿಕ್ಕಿಸಿದ. ಅಮ್ಮ ಲೋಟವನ್ನು ಬೆಳಕಿಗೆ ಹಿಡಿದು, ಓರೆ ಮಾಡಿ, ಉಳಿದ ಕಣ್ಣಿನಿಂದ ಅದನ್ನು ನೋಡಿದಳು.

“ಹಾಕು,” ಎಂದಳು ನನಗೆ. “ಹನಿ ಅಂತ ಹೇಳಿ ಹಾಕು.”

ರೆಪ್ಪೆ ಬಿಗಿಯುವುದು ಅವಳ ಕೈಯಲ್ಲೂ ಇರಲಿಲ್ಲ, ಅದು ಮುಂದುವರಿಯಿತು. ಹಬ್ಬಿನ ತೂತು ಜಿಡ್ಡು ಕಟ್ಟಿದ್ದರೆ ಎಣ್ಣೆಯನ್ನು ಅಂಚಿನಲ್ಲಿಟ್ಟು ಚಕ್ರ ತಿರುಗಿಸುತ್ತೇವೆ, ತಾನಾಗಿ ಇಳಿಯುತ್ತದೆ. ಹಾಗೇ, ಮುಚ್ಚಿದ ಕಣ್ಣಿನ ಮೂಗಿನ ಕಡೆಯ ಮೂಲೆಯಲ್ಲಿ ಹನಿ ನಿಲ್ಲಿಸಿ, “ಹನಿ ಅಮ್ಮ, ಕಣ್ಣು ಬಿಡು,” ಎನ್ನುತ್ತಿದ್ದೆ. ಬಿಡುತ್ತಿದ್ದಳು, ಅದು ಒಳಗೆ ಹೋಗುತ್ತಿತ್ತು. ಮತ್ತೆ ಉರಿ, ಮತ್ತೆ ಸಂಜೆ, ಮತ್ತೆ ಬೈಗುಳ. ಆ ಬೈಗುಳ ಕೇಳಿದರೆ ನನಗೆ ನೆಮ್ಮದಿ. ಮುಂದಿನ ತಿಂಗಳು ಒತ್ತಡ ಇಳಿದಿತ್ತು. ಡಾಕ್ಟರು ಈಗ ಬಿಡುತ್ತಿದ್ದೀರಿ ಎಂದರು. ಆಗಲೂ ಬಿಡುತ್ತಿದ್ದೆವು ಎಂದೆ.

ಆ ಬಲಗಣ್ಣು ಅಮ್ಮನ ಜೊತೆ ಕೊನೆಯವರೆಗೂ ಬಂತು. ಅಕ್ಕಿಯ ಕಲ್ಲು ಆರಿಸಿದಳು, ಮೊಮ್ಮಕ್ಕಳ ತಲೆಯ ಹೇನು ಹುಡುಕಿದಳು. ಆದರೆ ಅಷ್ಟು ವರ್ಷವೂ ಪ್ರತಿಸಲ ಒಂದು ಹನಿಯನ್ನು ಮೊದಲು ಅಂಗೈಗೆ ಹಾಕಿಸಿಕೊಂಡು, ಮೂಸಿ, ಆಮೇಲೆಯೇ ಮಲಗುತ್ತಿದ್ದಳು.

ಈಗ ಅದೇ ಒತ್ತಡ ನನಗೂ ಬಂದಿದೆ. ಹೆಂಡತಿ ಹಾಕುತ್ತಾಳೆ. ಅಂಗೈ ಚಾಚಿದರೆ ಏನೂ ಕೇಳದೆ ಮೊದಲ ಹನಿ ಅಲ್ಲಿ ಬಿಡುತ್ತಾಳೆ.

ಮಾಂಬಲದಲ್ಲಿ ಒಂದು ಅಂಗಡಿ, ಬಾಡಿಗೆಗೆ ಹದಿನಾಲ್ಕು ಸೈಕಲ್, ಎರಡು ಕೋಣೆಯ ಸ್ವಂತ ಮನೆ, ಮೂವರು ಮಕ್ಕಳು, ಒಬ್ಬಳು ಹೆಂಡತಿ, ಒಂದು ಸೀಸೆ ಔಷಧಿ, ಎರಡು ಕಣ್ಣು.