ಕಲ್ಲಿನ ಮೆಟ್ಟಿಲಿಗೆ ಹಚ್ಚಿದ ಅರಿಶಿನ

ಫೋನ್ ಬಂದಾಗ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ. ದಿನಸಿ ಅಂಗಡಿಯ ಅಂಕಲ್ ಬೆಳಿಗ್ಗೆ ತೀರಿಕೊಂಡರೆಂದು ಅವರ ಹೆಂಡತಿ ಹೇಳಿದರು. ನರಳಲಿಲ್ಲವಂತೆ, ಅಷ್ಟು ಕರುಣೆ ದೇವರು ತೋರಿದ. ನನ್ನ ಕಣ್ಣ ಮುಂದೆ ಬಂದದ್ದು ಅವರ ತೋರುಬೆರಳು. ಅದರ ತುದಿ ಸದಾ ಇಟ್ಟಿಗೆಪುಡಿಯಿಂದ ಕೆಂಪಾಗಿರುತ್ತಿತ್ತು.

ತೊಂಬತ್ತರ ದಶಕದ ಮೊದಲಲ್ಲಿ ಅವರ ಅಂಗಡಿ ಅಮೆರಿಕದ ಅಲೆಕ್ಸಾಂಡ್ರಿಯಾದ ಹಳೇ ಪೇಟೆಯಲ್ಲಿ, ಜಾರ್ಜ್ ದೊರೆಗಳ ಕಾಲದ ಇಟ್ಟಿಗೆ ಮನೆಯೊಂದರ ಕೆಳಗಿನ ಅಂತಸ್ತಿನಲ್ಲಿತ್ತು. ಕಿಟಕಿಯ ಮೇಲೆ ಕಿಟಕಿ, ಗೆರೆ ಎಳೆದ ಹಾಗೆ. ಬಾಗಿಲ ನೆತ್ತಿಗೆ ಬೀಸಣಿಗೆಯಾಕಾರದ ಗಾಜು. ರಕ್ಷಿತ ಕಟ್ಟಡ, ಹೊರಗೆ ಒಂದು ಮೊಳೆ ಹೊಡೆಯಲೂ ಅಪ್ಪಣೆ ಬೇಕು. ಮೈಸೂರಿನಲ್ಲಿ ಓವರ್‌ಸಿಯರ್ ಆಗಿದ್ದ ಅಂಕಲ್‌ಗೆ ಬೇಳೆ ತೂಗುವುದಕ್ಕಿಂತ ಆ ಗೋಡೆ ಸವರುವುದೇ ಇಷ್ಟ.

"ನೋಡಮ್ಮ, ಒಂದು ಇಟ್ಟಿಗೆ ಉದ್ದಕ್ಕೆ, ಪಕ್ಕದ್ದು ತಲೆ ಮಾತ್ರ ಹೊರಗೆ. ಮಧ್ಯೆ ಸುಣ್ಣದ ಗಾರೆ. ಗೋಡೆ ಉಸಿರಾಡತ್ತೆ!"

"ಅದು ಉಸಿರಾಡ್ಕೊಳ್ಳಲಿ, ನೀವು ಗಿರಾಕಿಗೆ ತೊಗರಿಬೇಳೆ ಕೊಡಿ," ಅನ್ನುತ್ತಿದ್ದರು ಆಂಟಿ.

ಶುಕ್ರವಾರ ನಾನು ಮಸಾಲೆ ಪೊಟ್ಟಣ ಕಟ್ಟಲು ಹೋಗುತ್ತಿದ್ದೆ. ಶ್ರಾವಣದಲ್ಲಿ ಒಂದು ದಿನ, ಬಾಗಿಲ ಮುಂದಿನ ಕಲ್ಲು ಬೋಳಾಗಿದೆಯಲ್ಲ ಎಂದು ಯಾರನ್ನೂ ಕೇಳದೆ ಅರಿಶಿನ ಹಚ್ಚಿದೆ. ಮಳೆಗೆ ತೊಳೆದುಹೋಗದಿರಲೆಂದು ಎಳ್ಳೆಣ್ಣೆಯಲ್ಲಿ ಕಲಸಿದ್ದೆ. ಮೆದು ಮರಳುಗಲ್ಲು, ಎಣ್ಣೆಯನ್ನು ಕುಡಿದು ಹಳದಿ ಕಲೆ ಕಟ್ಟಿಬಿಟ್ಟಿತು. ಹೆದರಿ ತಂತಿ ಬ್ರಶ್ಶಿನಲ್ಲಿ ತಿಕ್ಕಿದೆ. ಕಲ್ಲಿನ ಮೈಯೇ ಎದ್ದುಬಂತು.

ವಾರದೊಳಗೆ ಹಳೇ ಕಟ್ಟಡಗಳ ರಕ್ಷಣೆ ನೋಡಿಕೊಳ್ಳುವ ಅಧಿಕಾರಿ ಬಂದರು, ಜೊತೆಗೆ ಕಟ್ಟಡದ ಮಾಲೀಕ. ಲೀಸ್ ಹೋದರೆ ಅಂಗಡಿ ಹೋದಂತೆ. ನಾನು ಬಾಯಿ ತೆರೆಯುವಷ್ಟರಲ್ಲಿ ಅಂಕಲ್ ತಾನೇ ಮಾಡಿದ್ದೆಂದು ಒಪ್ಪಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ನಿನ್ನ ಗಂಡನ ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ. ಯಾವ ಕಾಗದದಲ್ಲೂ ನಿನ್ನ ಹೆಸರು ಬೇಡ. ಸುಮ್ನಿರಮ್ಮ," ಎಂದರು. ಆಂಟಿಗೂ ತಾನೇ ಎಂದೇ ಹೇಳಿದರು.

ಎಣ್ಣೆ ಹೀರಲೆಂದು ಅಂಕಲ್ ಕಲ್ಲಿಗೆ ಬಿಳಿ ಜೇಡಿಮಣ್ಣಿನ ಪಟ್ಟು ಹಾಕಿ ತಿಂಗಳೆಲ್ಲ ಹೆಣಗಿದರು. ಕಲೆ ತೆಳುವಾಯಿತು, ಹೋಗಲಿಲ್ಲ. ಮಾಲೀಕ ಲೀಸ್ ಮುಂದುವರಿಸಲಿಲ್ಲ. ಅಂಗಡಿ ಪಕ್ಕದೂರು ಫೇರ್‌ಫ್ಯಾಕ್ಸಿನ ಸಿಮೆಂಟಿನ ಡಬ್ಬಿಯಂಥ ಮಳಿಗೆಗೆ ಬಂತು. ಅಲ್ಲಿ ಅಂಕಲ್ ಗೋಡೆ ಮುಟ್ಟಿದ್ದನ್ನು ನಾನು ಕಾಣಲಿಲ್ಲ. ನಮಗೆ ಕಾರ್ಡ್ ಬಂದ ದಿನ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಅವರ ಮುಂದೆ ನಿಂತು ತಪ್ಪಾಯಿತು ಎನ್ನಲು ಮಾತ್ರ ಇಷ್ಟು ವರ್ಷ ಬಾಯಿ ಬರಲಿಲ್ಲ. ಈಗ ಹೇಳಲು ಅವರಿಲ್ಲ.

"ಆಂಟಿ, ಆ ಕಲ್ಲಿಗೆ ಎಣ್ಣೆ ಹಚ್ಚಿದ್ದು ನಾನು," ಎಂದೆ ಫೋನಿನಲ್ಲಿ.

"ನಂಗೊತ್ತಿಲ್ವೇನೇ? ಅವರು ಜನ್ಮದಲ್ಲಿ ಒಂದು ದಿನ ಹೊಸ್ತಿಲು ಸಾರಿಸಿದವರಾ?" ಆಂಟಿ ಅಳುತ್ತಲೇ ಅಂದರು. "ಮಕ್ಕಳೆಲ್ಲ ಬಂದಿದಾರೆ, ಹಸ್ಕೊಂಡಿದಾರೆ. ಏನಾದ್ರೂ ಮಾಡ್ಕೊಂಡು ಬಾರೆ."

ಆ ಮನೆಯಲ್ಲಿ ಅಂದು ಒಲೆ ಹಚ್ಚುವಂತಿರಲಿಲ್ಲ. ನಾಲ್ಕು ಪಾವು ಅಕ್ಕಿ ಅಳೆದು, ತೊಳೆದು, ಕುಕ್ಕರಿಗೆ ಇಟ್ಟೆ.